ಕುಡಿತ ಬಿಟ್ಟು ವರ್ಷ ದಾಟಿದ ಮೇಲೂ ಅದನ್ನು ಡಾಕ್ಟರಿಗೆ ಹೇಳಬೇಕೇ?

ನಿಮ್ಮ ಪ್ರಶ್ನೆಯನ್ನು ಚಿಕ್ಕದಾಗಿ ಹೇಳುವುದಾದರೆ: 11 ವರ್ಷ ದಿನಾ ಕುಡಿಯುತ್ತಿದ್ದಿರಿ, ಬಿಟ್ಟು 14 ತಿಂಗಳಾಗಿದೆ, ಕುಡಿಯುವ ಆಸೆ ಹಿಡಿತದಲ್ಲಿರಲೆಂದು ನಾಲ್ಟ್ರೆಕ್ಸೋನ್ 50 ಮಿ.ಗ್ರಾಂ. ಮಾತ್ರೆ ದಿನಕ್ಕೊಂದು ತೆಗೆದುಕೊಳ್ಳುತ್ತಿದ್ದೀರಿ. ಈಗ ಪಿತ್ತಕೋಶದ ಕಲ್ಲಿಗೆ ಆಪರೇಷನ್ ನಿಗದಿಯಾಗಿದೆ. ಆಸ್ಪತ್ರೆಯ ಫಾರಂನಲ್ಲಿ ‘ಮದ್ಯಪಾನ ಮಾಡುತ್ತೀರಾ?’ ಎಂಬಲ್ಲಿ ‘ಇಲ್ಲ’ ಎಂದು ಬರೆದಿದ್ದೀರಿ. ಹಳೆಯದನ್ನು ಹೇಳಿದರೆ ಡಾಕ್ಟರು ಬೇರೆ ಕಣ್ಣಿನಿಂದ ನೋಡುತ್ತಾರೆ, ಮನೆಯವರೂ ಪಕ್ಕದಲ್ಲೇ ಇರುತ್ತಾರೆ, ಹಾಗಾಗಿ ಇಷ್ಟಕ್ಕೇ ಬಿಡಬಹುದೇ ಎಂದು ಕೇಳಿದ್ದೀರಿ.

ಬಿಡಬೇಡಿ. ನೀವು ಬರೆದ ‘ಇಲ್ಲ’ ಸುಳ್ಳಲ್ಲ, ಆದರೆ ಅರ್ಧ ಉತ್ತರ. ಆ ಫಾರಂ ಈಗಿನ ಸ್ಥಿತಿಯನ್ನಷ್ಟೇ ಕೇಳುತ್ತದೆ. ಡಾಕ್ಟರಿಗೆ ಬೇಕಾಗಿರುವುದು ಹಿಂದಿನ ಲೆಕ್ಕ: ಎಷ್ಟು, ಎಷ್ಟು ವರ್ಷ, ಕೊನೆಯ ಬಾರಿ ಯಾವಾಗ, ಬಿಟ್ಟಾಗ ಏನಾಯಿತು, ಈಗ ಯಾವ ಮಾತ್ರೆ ನಡೆಯುತ್ತಿದೆ. ಯಾಕೆ ಕುಡಿದಿರಿ, ಮನೆಯಲ್ಲಿ ಏನೇನು ನಡೆಯಿತು ಎಂಬುದನ್ನು ಸರ್ಜನ್ ಮುಂದೆ ಬಿಚ್ಚಿಡಬೇಕಾದ ಅಗತ್ಯವೇ ಇಲ್ಲ. ಈ ವ್ಯತ್ಯಾಸ ಮನಸ್ಸಿಗೆ ಹತ್ತಿದರೆ ಹೇಳುವುದು ಅರ್ಧ ಹಗುರವಾಗುತ್ತದೆ.

ನಿಮ್ಮ ವಿಷಯದಲ್ಲಿ ಎಲ್ಲಕ್ಕಿಂತ ತುರ್ತಾಗಿ ಹೇಳಬೇಕಾದದ್ದು ನಾಲ್ಟ್ರೆಕ್ಸೋನ್ ಬಗ್ಗೆ. ಈ ಔಷಧಿ ಮೆದುಳಿನಲ್ಲಿ ಮಾರ್ಫಿನ್, ಫೆಂಟನಿಲ್, ಟ್ರಮಡಾಲ್ ಥರದ ನೋವುನಿವಾರಕಗಳು ಕೂರುವ ಜಾಗವನ್ನೇ ಮೊದಲೇ ಹಿಡಿದುಕೊಂಡಿರುತ್ತದೆ. ಆಪರೇಷನ್ ವೇಳೆ, ಆಮೇಲೆ ಕೊಡುವುದು ಬಹುಪಾಲು ಇವನ್ನೇ. ಅರಿವಳಿಕೆ ಡಾಕ್ಟರಿಗೆ ಗೊತ್ತಿಲ್ಲದಿದ್ದರೆ ನಿಮಗೆ ನೋವು ಇಳಿಯುವುದಿಲ್ಲ, ಯಾಕೆ ಇಳಿಯುತ್ತಿಲ್ಲವೆಂದು ಅವರಿಗೆ ತಿಳಿಯುವುದಿಲ್ಲ. ನೋವು ತಗ್ಗಲಿಲ್ಲವೆಂದು ಡೋಸ್ ಏರಿಸುತ್ತಾ ಹೋದರೆ, ನಾಲ್ಟ್ರೆಕ್ಸೋನ್ ಪ್ರಭಾವ ಸಡಿಲವಾಗುವ ಹೊತ್ತಿಗೆ ಉಸಿರಾಟವೇ ಕುಗ್ಗಬಹುದು. ಮೊದಲೇ ಗೊತ್ತುಪಡಿಸಿದ ಆಪರೇಷನ್ ಆದರೆ ಮಾತ್ರೆಯನ್ನು ಸಾಮಾನ್ಯವಾಗಿ ಕನಿಷ್ಠ 72 ಗಂಟೆ ಮುಂಚೆ ನಿಲ್ಲಿಸಲು ಹೇಳುತ್ತಾರೆ. ತಿಂಗಳಿಗೊಮ್ಮೆ ಹಾಕುವ 380 ಮಿ.ಗ್ರಾಂ. ಇಂಜೆಕ್ಷನ್ ಆಗಿದ್ದರೆ ಕೊನೆಯ ಚುಚ್ಚುಮದ್ದಿನಿಂದ ಸುಮಾರು ನಾಲ್ಕು ವಾರ ಕಾಯಬೇಕಾಗುತ್ತದೆ. ನೀವಾಗಿಯೇ ನಿಲ್ಲಿಸಬೇಡಿ. ಮಾತ್ರೆ ಬರೆದುಕೊಟ್ಟವರೂ ಅರಿವಳಿಕೆ ಡಾಕ್ಟರೂ ಮಾತಾಡಿಕೊಂಡು ದಿನ ಹೇಳಲಿ. ಏಕೆಂದರೆ ಮಾತ್ರೆ ನಿಂತ ಆ ಕೆಲವು ದಿನಗಳಲ್ಲೇ ಕುಡಿಯುವ ಆಸೆ ಮರಳುವ ಸಂಭವ ಹೆಚ್ಚು, ಅದಕ್ಕೂ ಒಂದು ಏರ್ಪಾಡು ಬೇಕು. ಆಪರೇಷನ್ ಆದಮೇಲೆ ಮಾರ್ಫಿನ್ ಜಾತಿಯ ಔಷಧಿ ಕೊಟ್ಟಿದ್ದರೆ, ಅದು ಪೂರ್ತಿ ನಿಂತು 7ರಿಂದ 10 ದಿನ ಕಳೆದ ನಂತರವೇ ನಾಲ್ಟ್ರೆಕ್ಸೋನ್ ಮತ್ತೆ ಶುರು. ಅವಸರಪಟ್ಟರೆ ವಾಂತಿ, ಬೆವರು, ಮೈಕೈ ನೋವು ಒಮ್ಮೆಲೇ ಏರಿಬರುತ್ತವೆ.

ಕುಡಿತ ಬಿಡಿಸಲು ಕೊಡುವ ಇನ್ನೊಂದು ಮಾತ್ರೆ ಡೈಸಲ್ಫಿರಾಮ್ ತೆಗೆದುಕೊಳ್ಳುವವರು ಇದನ್ನು ಓದುತ್ತಿದ್ದರೆ: ಕೊನೆಯ ಮಾತ್ರೆಯ ನಂತರವೂ 14 ದಿನಗಳವರೆಗೆ ಮದ್ಯಸಾರದ ಜೊತೆ ಅದು ಪ್ರತಿಕ್ರಿಯಿಸಬಹುದು. ಕೆಲವು ಕೆಮ್ಮಿನ ಸಿರಪ್, ಟಾನಿಕ್, ಮೌತ್‌ವಾಶ್‌ಗಳಲ್ಲಿ ಮದ್ಯಸಾರ ಇರುತ್ತದೆ. ಡೈಸಲ್ಫಿರಾಮ್ ಮೆಟ್ರೋನಿಡಜೋಲ್ ಜೊತೆ ಸೇರಿದರೆ ಬುದ್ಧಿಭ್ರಮಣೆ ಆಗಬಹುದು, ಹಾಗಾಗಿ ಎರಡರ ನಡುವೆ ಎರಡು ವಾರದ ಅಂತರ ಬೇಕು. ಮೆಟ್ರೋನಿಡಜೋಲ್ ಹಲ್ಲಿನ ಡಾಕ್ಟರು ಮಾಮೂಲಾಗಿ ಬರೆಯುವ ಔಷಧಿ. ಅಲ್ಲಿ ಈ ಮಾತು ಹೇಳಬೇಕೆಂದೇ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಕುಡಿತ ಬಿಟ್ಟವರಿಗೆ ಕೊಡುವ ಮತ್ತೊಂದು ಮಾತ್ರೆ ಅಕಾಂಪ್ರೊಸೇಟ್ ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ, ಕಿಡ್ನಿ ತೊಂದರೆಯಿದ್ದರೆ ಡೋಸ್ ತಗ್ಗಿಸಬೇಕು ಅಥವಾ ನಿಲ್ಲಿಸಬೇಕು.

ಇನ್ನು ಅಳತೆ. ‘ಸ್ವಲ್ಪ’, ‘ಜಾಸ್ತಿ’, ‘ಎಲ್ಲರ ಹಾಗೆ’ ಎಂಬ ಮಾತುಗಳಿಂದ ಡಾಕ್ಟರಿಗೆ ಏನೂ ಸಿಗುವುದಿಲ್ಲ. ಗ್ರಾಂ ಲೆಕ್ಕ ಸುಲಭ: ಎಷ್ಟು ಎಂ.ಎಲ್. ಎಂಬುದನ್ನು ಬಾಟಲಿಯ ಮೇಲಿನ ಶೇಕಡಾವಾರಿನಿಂದ ಗುಣಿಸಿ, 100ರಿಂದ ಭಾಗಿಸಿ, ಬಂದದ್ದನ್ನು 0.79ರಿಂದ ಗುಣಿಸಿ. ಶೇ. 40ರ ವಿಸ್ಕಿ 180 ಎಂ.ಎಲ್. ಅಂದರೆ ಸುಮಾರು 57 ಗ್ರಾಂ ಮದ್ಯಸಾರ. ಶೇ. 5ರ ಬಿಯರ್ 650 ಎಂ.ಎಲ್. ಅಂದರೆ ಸುಮಾರು 26 ಗ್ರಾಂ, ಅದೇ ಶೇ. 8ರದ್ದಾದರೆ 41 ಗ್ರಾಂ. ‘ಬರೀ ಬಿಯರ್ ಕುಡಿಯುತ್ತಿದ್ದೆ’ ಎಂದು ಅದನ್ನು ಲೆಕ್ಕದಿಂದ ಬಿಡುವವರಿದ್ದಾರೆ, ಲಿವರ್ ಬಿಡುವುದಿಲ್ಲ. ಅತಿ ಹೆಚ್ಚು ಕುಡಿದ ಕಾಲದ ದಿನದ ಪ್ರಮಾಣ ಹೇಳಿ, ಅದು ಎಷ್ಟು ವರ್ಷ ನಡೆಯಿತು ಎಂಬುದನ್ನೂ ಹೇಳಿ. ನೆನಪಿನಲ್ಲಿ ಎಲ್ಲರೂ ಕಡಿಮೆ ಲೆಕ್ಕ ಹಾಕುತ್ತಾರೆ, ಆದ್ದರಿಂದ ಗ್ಲಾಸಿನ ಬದಲು ವಾರಕ್ಕೆ ಎಷ್ಟು ಬಾಟಲಿ ಖರ್ಚಾಗುತ್ತಿತ್ತು ಎಂದು ಯೋಚಿಸಿ. ಬಾಟಲಿಯ ಲೆಕ್ಕ ಹೆಚ್ಚು ನಂಬಿಕಸ್ಥ.

ಬಿಟ್ಟಾಗ ಏನಾಯಿತು ಎಂಬುದನ್ನು ಜನ ಸಾಮಾನ್ಯವಾಗಿ ಮರೆಮಾಚುತ್ತಾರೆ, ನನ್ನ ಪ್ರಕಾರ ಅದೇ ಹೆಚ್ಚು ಮುಖ್ಯ. ಕೈನಡುಕ, ಬೆವರು, ನಿದ್ದೆಗೇಡು ಕೊನೆಯ ಗುಟುಕಿನಿಂದ 6ರಿಂದ 12 ಗಂಟೆಯೊಳಗೆ ಶುರುವಾಗುತ್ತವೆ. ಫಿಟ್ಸ್ ಬರುವುದು ಹೆಚ್ಚಾಗಿ 48 ಗಂಟೆಯೊಳಗೆ. ಇಲ್ಲದ್ದು ಕಾಣುವುದು, ಹೊತ್ತುಗೊತ್ತು ತಿಳಿಯದೆ ಕನವರಿಸುವುದು, ಜ್ವರ ಏರುವುದು ಎರಡರಿಂದ ನಾಲ್ಕನೆಯ ದಿನದ ನಡುವೆ. ಇವುಗಳಲ್ಲಿ ಫಿಟ್ಸ್ ಅಥವಾ ಕನವರಿಕೆ ಒಮ್ಮೆ ಆಗಿದ್ದರೂ, ಮುಂದೆಂದಾದರೂ ಮತ್ತೆ ಕುಡಿದು ಬಿಟ್ಟಾಗ ಅದು ಇನ್ನೂ ಜೋರಾಗಿ ಬರುವ ಸಂಭವ ಹೆಚ್ಚು. ಫಿಟ್ಸ್ ಆಗಿತ್ತೆಂದು ಗೊತ್ತಾದರೆ ಟ್ರಮಡಾಲ್, ಬುಪ್ರೊಪಿಯಾನ್‌ನಂಥ ಔಷಧಿಗಳ ಬಗ್ಗೆ ಡಾಕ್ಟರು ಎರಡು ಸಲ ಯೋಚಿಸುತ್ತಾರೆ, ಏಕೆಂದರೆ ಅವು ಫಿಟ್ಸ್ ಬರುವ ಸಾಧ್ಯತೆಯನ್ನು ಹೆಚ್ಚಿಸುತ್ತವೆ.

ಹಾಗೆಯೇ, ನಡುವೆ ಎಂದಾದರೂ ಜಾರಿದ್ದರೆ ಆ ತಾರೀಕನ್ನು ಹೇಳಿ. ಆಪರೇಷನ್ ಹಿಂದಿನ ವಾರ ದಿನಾ ಕುಡಿದಿದ್ದು, ಆಸ್ಪತ್ರೆಗೆ ಸೇರಿದ ಮೇಲೆ ಅದು ನಿಂತರೆ ಎರಡನೆಯ ದಿನ ಬರುವ ನಡುಕ, ಗೊಂದಲವನ್ನು ಸೋಂಕು ಎಂದೋ ಅರಿವಳಿಕೆಯ ಪರಿಣಾಮ ಎಂದೋ ತಿಳಿದು ಸಮಯ ಕಳೆಯುವ ಅಪಾಯವಿದೆ. ಮೊದಲೇ ಗೊತ್ತಿದ್ದರೆ ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಕೊಡುತ್ತಾರೆ, ನಡುಕ ಏರದಂತೆ ಔಷಧಿ ಇಡುತ್ತಾರೆ. 14 ತಿಂಗಳಲ್ಲಿ ಒಂದು ದಿನ ಜಾರಿದ್ದನ್ನು ಹೇಳಿದರೆ ಉಳಿದ ದಿನಗಳೆಲ್ಲ ಅಳಿಸಿಹೋಗುವುದಿಲ್ಲ.

ರಕ್ತಪರೀಕ್ಷೆಗೆ ಬರೋಣ. ನಿಮ್ಮ ಕಾಯಿಲೆಗೂ ಹಳೆಯ ಕುಡಿತಕ್ಕೂ ಇಲ್ಲಿ ಗೋಜಲಾಗುವ ಸಾಧ್ಯತೆ ಹೆಚ್ಚು. ಕುಡಿತದಿಂದ ಏರುವ ಜಿಜಿಟಿ ಎಂಬ ಲಿವರ್ ಕಿಣ್ವ, ಬಿಟ್ಟ ಮೇಲೆ ವಾರಗಳಲ್ಲಿ ಇಳಿಯುತ್ತದೆ. ಆದರೆ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ಜಿಜಿಟಿ ಏರುತ್ತದೆ. 14 ತಿಂಗಳಿಂದ ಕುಡಿದಿಲ್ಲ ಎಂಬ ತಾರೀಕು ಡಾಕ್ಟರ ಕೈಯಲ್ಲಿದ್ದರೆ ಈಗ ಏರಿರುವ ಜಿಜಿಟಿಗೆ ಕುಡಿತ ಕಾರಣವಲ್ಲ ಎಂದು ನಾಳದ ಕಡೆ ನೋಡುತ್ತಾರೆ. ಇನ್ನೆರಡು ಲಿವರ್ ಕಿಣ್ವಗಳಲ್ಲಿ ಎಸ್‌ಜಿಒಟಿಯ ಮಟ್ಟ ಎಸ್‌ಜಿಪಿಟಿಯ ಎರಡರಷ್ಟಕ್ಕಿಂತ ಜಾಸ್ತಿಯಿದ್ದರೆ ಕುಡಿತದ ಗುರುತು ಎನ್ನುತ್ತಾರೆ. ಕೆಂಪು ರಕ್ತಕಣದ ಗಾತ್ರ ಹೇಳುವ ಎಂಸಿವಿ ಇಳಿಯಲು ಎರಡರಿಂದ ನಾಲ್ಕು ತಿಂಗಳು ಬೇಕು, ಏಕೆಂದರೆ ಒಂದು ಕಣದ ಆಯುಸ್ಸು ಸುಮಾರು 120 ದಿನ. ವರ್ಷ ಕಳೆದರೂ ಅದು ಎತ್ತರದಲ್ಲೇ ಇದ್ದರೆ ಬಿ12, ಫೋಲೇಟ್, ಥೈರಾಯ್ಡ್ ನೋಡಬೇಕು.

ಇನ್ನೊಂದು ತಪ್ಪು ತಿಳುವಳಿಕೆ: ‘ಎಲ್‌ಎಫ್‌ಟಿ (ಲಿವರ್‌ನ ರಕ್ತಪರೀಕ್ಷೆ) ನಾರ್ಮಲ್ ಬಂದಿದೆ, ಲಿವರ್ ಚೆನ್ನಾಗಿದೆ’ ಎಂಬುದು. ಸಿರೋಸಿಸ್ ಆಗಿರುವ, ಅಂದರೆ ಕಲೆಗಟ್ಟಿ ಗಡುಸಾದ ಲಿವರ್‌ನಲ್ಲೂ ಎಸ್‌ಜಿಒಟಿ, ಎಸ್‌ಜಿಪಿಟಿ ಸರಿಯಾಗಿಯೇ ಇರಬಹುದು. ಸಿರೋಸಿಸ್ ಇದ್ದರೆ ಪಿತ್ತಕೋಶದ ಆಪರೇಷನ್‌ನಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು. ಹಾಗಾಗಿ ಪ್ಲೇಟ್‌ಲೆಟ್, ಆಲ್ಬುಮಿನ್, ಬಿಲಿರುಬಿನ್, ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಐಎನ್‌ಆರ್ ನಾಲ್ಕನ್ನೂ ನೋಡಬೇಕು, ಅನುಮಾನವಿದ್ದರೆ ಲಿವರ್ ಎಷ್ಟು ಗಡುಸಾಗಿದೆ ಎಂದು ಅಳೆಯುವ ಫೈಬ್ರೊಸ್ಕ್ಯಾನ್ ಮಾಡಿಸಬೇಕು. ಹನ್ನೊಂದು ವರ್ಷದ ಲೆಕ್ಕ ಹೇಳಿದಾಗ ಮಾತ್ರ ಇದನ್ನು ಮಾಡಿಸುವ ಯೋಚನೆ ಡಾಕ್ಟರಿಗೆ ಬರುತ್ತದೆ. ಸಿರೋಸಿಸ್ ಇದೆಯೆಂದಾದರೆ, ಕುಡಿತ ಬಿಟ್ಟಿದ್ದರೂ ಲಿವರ್ ಕ್ಯಾನ್ಸರ್ ನೋಡಲು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಬೇಕು.

ಪ್ಯಾರಾಸಿಟಮಾಲ್ ಬಗ್ಗೆಯೂ ಎಲ್ಲರೂ ಕೇಳುತ್ತಾರೆ. ಆರೋಗ್ಯವಂತ ದೊಡ್ಡವರಿಗೆ ದಿನದ ಮಿತಿ 4 ಗ್ರಾಂ. ದಿನಾ ಕುಡಿಯುವವರಿಗೆ, ಈಗಷ್ಟೇ ಬಿಟ್ಟು ಊಟ ಸರಿಯಾಗಿ ಸೇರದವರಿಗೆ, ಸಿರೋಸಿಸ್ ಇರುವವರಿಗೆ 2 ಗ್ರಾಂ ದಾಟಬೇಡಿ ಎನ್ನುತ್ತಾರೆ. ಅಂದರೆ 500ರ ಮಾತ್ರೆ ನಾಲ್ಕು, 650ರದ್ದು ಮೂರು. ನೆಗಡಿ ಮಾತ್ರೆಯಲ್ಲೂ ಅದೇ ಇರುತ್ತದೆ, ಅದನ್ನೂ ಸೇರಿಸಿ ಎಣಿಸಿ. ನಿಮ್ಮ ಲಿವರ್ ಚೆನ್ನಾಗಿದ್ದರೆ 14 ತಿಂಗಳ ನಂತರ ಮಾಮೂಲು ಡೋಸ್‌ಗೆ ತೊಂದರೆಯಿಲ್ಲ. ಸಿರೋಸಿಸ್ ಇದ್ದವರಿಗೆ ನಿಜವಾಗಿ ಹೆದರಿಕೆ ಇರುವುದು ಐಬುಪ್ರೊಫೇನ್, ಡೈಕ್ಲೊಫೆನಾಕ್‌ಗಳದ್ದು, ಅವು ರಕ್ತಸ್ರಾವಕ್ಕೂ ಕಿಡ್ನಿ ಕೆಡುವುದಕ್ಕೂ ದಾರಿಮಾಡುತ್ತವೆ.

ನಿದ್ದೆ ಬರುತ್ತಿಲ್ಲ, ಗಾಬರಿ ಎಂದು ಹೇಳಿದಾಗ ಆಲ್ಪ್ರಜೋಲಾಮ್, ಕ್ಲೊನಜೆಪಾಮ್, ಜೋಲ್ಪಿಡೆಮ್ ಬರೆಯುವುದು ಸಾಮಾನ್ಯ. ಮೊದಲೆರಡು ಮದ್ಯ ಮುಟ್ಟುವ ಮೆದುಳಿನ ತಂತಿಯನ್ನೇ ಮುಟ್ಟುತ್ತವೆ, ಮೂರನೆಯದು ಬೇರೆ ಬಳಗದ್ದಾದರೂ ಮುಟ್ಟುವುದು ಅದನ್ನೇ. ಮದ್ಯಕ್ಕೆ ಅಂಟಿಕೊಂಡಿದ್ದವರು ಇವಕ್ಕೂ ಬೇಗ ಅಂಟಿಕೊಳ್ಳುತ್ತಾರೆ. ಹಳೆಯದನ್ನು ಹೇಳದಿದ್ದರೆ ಡಾಕ್ಟರು ಒಳ್ಳೆಯ ಮನಸ್ಸಿನಿಂದಲೇ ಒಂದು ತಿಂಗಳ ಚೀಟಿ ಬರೆದುಕೊಡುತ್ತಾರೆ. ಹೇಳಿದರೆ ಬೇರೆ ದಾರಿ ಹುಡುಕುತ್ತಾರೆ, ಇಲ್ಲವೇ ಮೂರು ದಿನಕ್ಕಷ್ಟೇ ಕೊಟ್ಟು ಮತ್ತೆ ಬನ್ನಿ ಎನ್ನುತ್ತಾರೆ. ಇದರರ್ಥ ಆಪರೇಷನ್ ನೋವನ್ನು ಹಲ್ಲು ಕಚ್ಚಿ ಸಹಿಸಬೇಕೆಂದಲ್ಲ. ಗಾಯದ ಸುತ್ತ ಮರಗಟ್ಟಿಸುವ ಇಂಜೆಕ್ಷನ್, ಹೊತ್ತು ಹೊತ್ತಿಗೆ ಪ್ಯಾರಾಸಿಟಮಾಲ್ ಇವುಗಳಿಂದ ಬಹಳಷ್ಟು ನೋವು ಹಿಡಿತಕ್ಕೆ ಬರುತ್ತದೆ. ಬಲವಾದದ್ದು ಬೇಕೇ ಬೇಕೆಂದರೆ ಎಣಿಸಿದ ಮಾತ್ರೆಗಳನ್ನು ಪಡೆದು ನಂಬಿಕೆಯ ಒಬ್ಬರ ಕೈಯಲ್ಲಿಡಿ. ತಡೆಯಲಾಗದ ನೋವೂ ಮತ್ತೆ ಕುಡಿತದ ಕಡೆ ಎಳೆಯುತ್ತದೆ ಎಂಬುದು ನೆನಪಿರಲಿ.

ಈಗ ನಿಮ್ಮ ಭಯದ ವಿಷಯ. ಬೇರೆ ಥರ ನೋಡುವ ಡಾಕ್ಟರುಗಳು ಇಲ್ಲವೇ ಇಲ್ಲ ಎಂದು ನಾನು ಹೇಳಲಾರೆ. ಹೊಟ್ಟೆನೋವು, ತಲೆಸುತ್ತು, ಮರೆವು, ಏನೇ ಹೇಳಿದರೂ ‘ಹಳೆ ಕುಡಿತದ್ದು’ ಎಂದು ತಳ್ಳಿಹಾಕುವುದು ನಡೆಯುತ್ತದೆ. ಹಾಗಾದಾಗ ಜಗಳ ಬೇಡ, ಈ ಪ್ರಶ್ನೆ ಕೇಳಿ: ‘ಡಾಕ್ಟ್ರೇ, ನಾನು ಜೀವನದಲ್ಲಿ ಕುಡಿದೇ ಇರದಿದ್ದರೆ ಇದೇ ತೊಂದರೆಗೆ ಯಾವ ಪರೀಕ್ಷೆ ಬರೆಯುತ್ತಿದ್ದಿರಿ?’ ಉತ್ತರ ಬಂದರೆ ಆ ಪರೀಕ್ಷೆಯನ್ನೇ ಕೇಳಿ. ಉತ್ತರವೇ ಬರದಿದ್ದರೆ ಇನ್ನೊಬ್ಬರಿಗೆ ತೋರಿಸಿ.

ಮನೆಯವರ ಎದುರು ಹೇಳಲು ಕಷ್ಟವಾದರೆ, ಚೀಟಿ ಮಾಡಿಸುವಾಗಲೇ ನರ್ಸ್ ಹತ್ತಿರ ‘ಡಾಕ್ಟರ ಜೊತೆ ಎರಡು ನಿಮಿಷ ಒಬ್ಬನೇ ಮಾತಾಡಬೇಕು’ ಎನ್ನಿ. ಬಾಯಿ ಕಟ್ಟುತ್ತದೆಂದರೆ ಒಂದು ಕಾಗದದಲ್ಲಿ ಬರೆದು ಕೈಗೆ ಕೊಡಿ, ಅದೂ ನಡೆಯುತ್ತದೆ. ಹೀಗೆ:

‘11 ವರ್ಷ ದಿನಾ ಸುಮಾರು ಇಷ್ಟು ಎಂ.ಎಲ್. ಕುಡಿಯುತ್ತಿದ್ದೆ. ಕೊನೆಯ ಬಾರಿ ಕುಡಿದ ತಾರೀಕು ಇದು. ಬಿಟ್ಟಾಗ ಫಿಟ್ಸ್/ಕನವರಿಕೆ ಆಗಿತ್ತು ಅಥವಾ ಆಗಿರಲಿಲ್ಲ. ನಾಲ್ಟ್ರೆಕ್ಸೋನ್ 50 ಮಿ.ಗ್ರಾಂ. ದಿನಕ್ಕೊಂದು, ಕೊನೆಯ ಮಾತ್ರೆ ಇಂಥ ದಿನ. ಬರೆದುಕೊಡುವ ಡಾಕ್ಟರ ಫೋನ್ ನಂಬರ್ ಇದು. ನಿದ್ದೆ ಮಾತ್ರೆ ಮತ್ತು ಅಭ್ಯಾಸವಾಗುವ ನೋವಿನ ಮಾತ್ರೆ ಕೊಡುವ ಮುಂಚೆ ನನ್ನ ಜೊತೆ ಮಾತಾಡಿ.’

ಫೈಲಿನಲ್ಲಿ ಹೇಗೆ ಬರೆಯುತ್ತಾರೆ ಎಂಬುದನ್ನೂ ಕೇಳುವ ಹಕ್ಕು ನಿಮಗಿದೆ. ಬರೀ ‘ಆಲ್ಕೊಹಾಲಿಕ್’ ಎಂದಿದ್ದರೆ ಮುಂದೆ ಓದುವವರು ಈಗಲೂ ಕುಡಿಯುತ್ತಿದ್ದಾರೆಂದೇ ತಿಳಿಯುತ್ತಾರೆ. ಕಾಯಿಲೆಯ ಲಕ್ಷಣಗಳಿಲ್ಲದೆ 12 ತಿಂಗಳು ಕಳೆದ ಸ್ಥಿತಿಗೆ ವೈದ್ಯರ ಪರಿಭಾಷೆಯಲ್ಲೇ ‘ಸಸ್ಟೇನ್ಡ್ ರೆಮಿಷನ್’ ಎಂಬ ಹೆಸರಿದೆ, 3ರಿಂದ 12 ತಿಂಗಳವರೆಗಿನದಕ್ಕೆ ‘ಅರ್ಲಿ ರೆಮಿಷನ್’. ಬಿಟ್ಟ ತಾರೀಕಿನ ಜೊತೆ ಆ ಪದವನ್ನು ಸೇರಿಸಿ ಎಂದು ವಿನಂತಿಸಿ.

ಆಪರೇಷನ್‌ಗೆ ಮುಂಚೆ ಅರಿವಳಿಕೆ ಡಾಕ್ಟರು ನಿಮ್ಮನ್ನು ಒಮ್ಮೆ ನೋಡುತ್ತಾರೆ. ಆದರೆ ಅದು ಹಿಂದಿನ ದಿನವೇ ಆದರೆ 72 ಗಂಟೆಯ ಲೆಕ್ಕ ತಪ್ಪಿ ಆಪರೇಷನ್ ಮುಂದೂಡಬೇಕಾಗುತ್ತದೆ. ಆದ್ದರಿಂದ ಆ ದಿನಕ್ಕೆ ಕಾಯದೆ ಈ ವಾರವೇ ಸರ್ಜನ್ ಕಡೆಗೂ ಮಾತ್ರೆ ಬರೆದುಕೊಟ್ಟವರಿಗೂ ಫೋನ್ ಮಾಡಿ. ‘ನಾಲ್ಟ್ರೆಕ್ಸೋನ್ ತೆಗೆದುಕೊಳ್ಳುತ್ತಿದ್ದೇನೆ’ ಎಂಬ ಒಂದು ಸಾಲಿನ ಚೀಟಿಯನ್ನು ಇವತ್ತಿನಿಂದಲೇ ಪರ್ಸಿನಲ್ಲಿಟ್ಟುಕೊಳ್ಳಿ. ಕಲ್ಲಿನ ನೋವು ರಾತ್ರೋರಾತ್ರಿ ಎದ್ದು ತುರ್ತು ವಿಭಾಗಕ್ಕೆ ಹೋಗಬೇಕಾದರೆ, ಮಾತಾಡಲಾಗದ ಹೊತ್ತಿನಲ್ಲಿ ಅದನ್ನು ತೋರಿಸಿದರೆ ಸಾಕು.