ದಾರಿಯ ನಡುವೆ ಗಾಲ್ಫ್

ಪ್ರಶ್ನೆ: ಕಾರಿನಲ್ಲಿ ಕೆಲವು ದಿನಗಳ ಪ್ರವಾಸ ಹೊರಟಿದ್ದೇವೆ. ದಾರಿಯಲ್ಲಿ ಗಾಲ್ಫ್ ಮೈದಾನಗಳು ಹಲವಿದ್ದರೂ ಆಡಲು ಬಿಡುವಿರುವುದು ಒಂದೇ ದಿನ. ಸಾಧಾರಣ ಆಟಗಾರನಾದ ನಾನು ಯಾವುದನ್ನು ಆರಿಸಲಿ?

ಉತ್ತರ: ಹೆಸರುವಾಸಿ ಮೈದಾನಗಳ ಪಟ್ಟಿಗಿಂತ ಮೊದಲು ಗಡಿಯಾರವನ್ನು ನೋಡಿ. ನಾಲ್ವರ ತಂಡ 18 ಕುಳಿಗಳನ್ನು ಮುಗಿಸಲು ಸಾಮಾನ್ಯವಾಗಿ 4ರಿಂದ 5 ಗಂಟೆ ಹಿಡಿಯುವುದರಿಂದ, ಆಟದ ನಂತರ ಮತ್ತೆ ದೂರ ಸಾಗಬೇಕಾದ ಸ್ಥಳಕ್ಕಿಂತ ರಾತ್ರಿ ತಂಗುವ ಊರಿನ ಸಮೀಪದ ಮೈದಾನವೇ ಮೇಲು. ಅಷ್ಟು ಸಮಯವಿಲ್ಲದಿದ್ದರೆ 9 ಕುಳಿಗಳ ಆಟವೂ ಸಾಕು.

ಇನ್ನು ಕಷ್ಟದ ಮಟ್ಟ. ಸ್ಲೋಪ್ ರೇಟಿಂಗ್ ಎಂಬ ಅಂಕ 55ರಿಂದ 155ರವರೆಗೆ ಇರುತ್ತದೆ. 113ನ್ನು ಪ್ರಮಾಣವೆಂದು ಹಿಡಿಯಲಾಗುತ್ತದೆ. ನುರಿತವರಿಗೆ ಹೋಲಿಸಿದರೆ ಸಾಧಾರಣ ಆಟಗಾರರಿಗೆ ಮೈದಾನ ಎಷ್ಟು ಹೆಚ್ಚು ಕಠಿಣ ಎಂಬುದನ್ನು ಸೂಚಿಸುವ ಈ ಅಂಕ ಪ್ರತಿಯೊಂದು ಟೀಗೂ (ಕುಳಿಯ ಮೊದಲ ಹೊಡೆತ ಹೊಡೆಯುವ ಜಾಗಕ್ಕೂ) ಬೇರೆಬೇರೆಯಾಗಿರುವುದರಿಂದ, ಕುಳಿಗೆ ಹತ್ತಿರವಿರುವ ಮುಂಭಾಗದ ಟೀಯಿಂದ ಆಡಿದರೆ ಕಠಿಣವೆನಿಸಿಕೊಂಡ ಮೈದಾನವೂ ನಿಮಗೆ ಸಹ್ಯವಾದೀತು. 140 ದಾಟಿದ ಕಡೆ ಪರಿಚಯವಿಲ್ಲದೆ ಹೋದರೆ ಚೆಂಡು ಹುಡುಕುವುದರಲ್ಲೇ ದಿನ ಕಳೆಯುತ್ತದೆ, ಹಿಂದಿನ ತಂಡದ ಗೊಣಗಾಟ ಬೇರೆ!

ಕಾಯ್ದಿರಿಸುವ ಮುನ್ನ ದೂರವಾಣಿಯಲ್ಲಿ ಮಾತನಾಡಿ. ಸದಸ್ಯರಲ್ಲದವರಿಗೆ ಪ್ರವೇಶವಿದೆಯೇ, ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ತೋರಿಸುವ ಅಂಕ) ಪ್ರಮಾಣಪತ್ರ ಬೇಕೇ, ಆಡುವ ಕೋಲುಗಳಾದ ಕ್ಲಬ್‌ಗಳು ಬಾಡಿಗೆಗೆ ಸಿಗುತ್ತವೆಯೇ ಎಂದು ಕೇಳುವುದರ ಜೊತೆಗೆ, ಬಹುಮಂದಿ ಮರೆಯುವ ಒಂದು ಪ್ರಶ್ನೆಯನ್ನೂ ಕೇಳಿ: ಗ್ರೀನ್‌ಗಳಿಗೆ, ಅಂದರೆ ಕುಳಿಯ ಸುತ್ತಲಿನ ನುಣುಪಾಗಿ ಕತ್ತರಿಸಿದ ಹುಲ್ಲಿನ ಭಾಗಗಳಿಗೆ, ಇತ್ತೀಚೆಗೆ ರಂಧ್ರ ಕೊರೆದು ಮರಳು ಹರಡಿದ್ದಾರೆಯೇ? ಹುಲ್ಲಿನ ಬೇರುಗಳಿಗೆ ಗಾಳಿ ದೊರಕಿಸುವ ಈ ಕೆಲಸ ಅಗತ್ಯವೇ ಆದರೂ, ಅನಂತರ ಕೆಲವು ದಿನ ಚೆಂಡು ನೇರವಾಗಿ ಉರುಳುವುದಿಲ್ಲ. ಹಾಗಿದ್ದರೆ ಪೂರ್ಣ ಶುಲ್ಕ ತೆರುವ ಬದಲು ಮುಂದಿನ ಮೈದಾನವನ್ನು ವಿಚಾರಿಸುವುದೇ ಲೇಸು.