ಪ್ರಿಂಟರ್ 60, ಸರ್ವರ್ ಎಷ್ಟು?

ಪ್ರಶ್ನೆ: ನಮ್ಮ ಸಂಸ್ಥೆಗೆ ಮೂರು ಶಾಖೆ, ಒಟ್ಟು 60 ಪ್ರಿಂಟರ್. ಯಾರು ಎಷ್ಟು ಪ್ರಿಂಟ್ ತೆಗೆದರು ಅಂತ ಲೆಕ್ಕ ಇಡುವ ಪ್ರಿಂಟ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಹಾಕಬೇಕು. ಎಲ್ಲಕ್ಕೂ ಒಂದೇ ಸರ್ವರ್ ಸಾಕಾ?

ಉತ್ತರ: ಲೆಕ್ಕ ಇಡುವ ಕೆಲಸಕ್ಕೆ ಒಂದು ಸಾಕು. ಯಾರು ಎಷ್ಟು ಪುಟ ತೆಗೆದರು ಅನ್ನೋ ಮಾಹಿತಿ ತೀರಾ ಚಿಕ್ಕದು, ಶಾಖೆಗಳ ನಡುವಿನ ನಿಧಾನದ ನೆಟ್‌ವರ್ಕ್ ಲಿಂಕ್‌ನಲ್ಲೂ ಹೋಗುತ್ತದೆ. ತೊಂದರೆ ಇರುವುದು ಸ್ಪೂಲ್ ಫೈಲ್‌ನಲ್ಲಿ, ಅಂದರೆ ಪ್ರಿಂಟರ್‌ಗೆ ಕಳಿಸಲು ಸಿದ್ಧವಾದ ಫೈಲ್‌ನಲ್ಲಿ. 5 ಎಂಬಿ ಪಿಡಿಎಫ್ ಡ್ರೈವರ್ (ಅದನ್ನು ಪ್ರಿಂಟರ್‌ಗೆ ಅರ್ಥವಾಗುವಂತೆ ಬದಲಿಸುವ ಸಾಫ್ಟ್‌ವೇರ್) ದಾಟಿ ಬರುವಾಗ ಎಷ್ಟೋ ಪಟ್ಟು ಉಬ್ಬಿರಬಹುದು, ಅದು ಮುಖ್ಯ ಕಚೇರಿಗೆ ಹೋಗಿ ಮತ್ತೆ ನಿಮ್ಮ ಪಕ್ಕದ ಪ್ರಿಂಟರ್‌ಗೇ ವಾಪಸ್ ಬರಬೇಕೆಂದರೆ ಸುಮ್ನೆ ಲಿಂಕ್ ಕಟ್ಟಿಕೊಳ್ಳುತ್ತದೆ, ಅಲ್ವಾ? ಹಾಗಾಗಿ ಪ್ರತಿ ಶಾಖೆಯಲ್ಲೂ ಒಂದು ಸಣ್ಣ ಪ್ರಿಂಟ್ ಸರ್ವರ್ ಇಡಿ. ಲಿಂಕ್ ಬಿದ್ದಾಗ ಪ್ರಿಂಟ್ ನಿಲ್ಲಬೇಕಾ, ನಡೆಯಬೇಕಾ ಅಂತ ಮೊದಲೇ ತೀರ್ಮಾನಿಸಿ, ಆಮೇಲೆ ಜಗಳ ಬೇಡ.

ಡೇಟಾಬೇಸ್? ಸಾಫ್ಟ್‌ವೇರ್ ಜೊತೆ ಬರುವುದು ಪರೀಕ್ಷೆಗೆ ಸರಿ. ದಿನನಿತ್ಯಕ್ಕೆ ಪೋಸ್ಟ್‌ಗ್ರೆಸ್ ಥರದ್ದನ್ನು ಬೇರೆ ಇಟ್ಟು, ದಿನಾ ಬ್ಯಾಕಪ್ ತೆಗೆಯಿರಿ. ಪ್ರೊಸೆಸರ್‌ಗಿಂತ ಡಿಸ್ಕ್ ವೇಗಕ್ಕೆ ಜಾಸ್ತಿ ದುಡ್ಡು ಹಾಕಿ.

ಇನ್ನೊಂದು, ಜಾಗ ಉಳಿಸೋಕೆ ಅಂತ ಡೊಮೇನ್ ಕಂಟ್ರೋಲರ್ (ಸಂಸ್ಥೆಯ ಎಲ್ಲರ ಲಾಗಿನ್ ನೋಡಿಕೊಳ್ಳುವ ಸರ್ವರ್) ಮೇಲೇ ಪ್ರಿಂಟ್ ಸರ್ವರ್ ಕೂರಿಸಬೇಡಿ. 2021ರಲ್ಲಿ ವಿಂಡೋಸ್ ಸ್ಪೂಲರ್‌ನ (ಪ್ರಿಂಟ್ ಕೆಲಸಗಳನ್ನು ಸಾಲಿನಲ್ಲಿಟ್ಟು ಕಳಿಸುವ ಸೇವೆಯ) 'ಪ್ರಿಂಟ್‌ನೈಟ್‌ಮೇರ್' ಅನ್ನೋ, ದಾಳಿಕೋರರು ಸರ್ವರ್ ಹಿಡಿತಕ್ಕೆ ತೆಗೆದುಕೊಳ್ಳಬಹುದಾದ ದೋಷ ಬಯಲಾದಾಗ ಹಾಗೆ ಮಾಡಿದ್ದವರ ನಿದ್ದೆ ಕೆಟ್ಟಿತ್ತು.