ರಿಜಿಸ್ಟರಿನಲ್ಲಿ 38, ಚಾಪೆಯ ಮೇಲೆ 14

ಯಾದಗಿರಿ ಜಿಲ್ಲೆಯ ಹಳ್ಳಿಯೊಂದರಿಂದ ಅಂಗನವಾಡಿ ಬಾಲವಿಕಾಸ ಸಮಿತಿಯ ಸದಸ್ಯೆಯೊಬ್ಬರು ಬರೆದ ಪತ್ರದ ಸಾರ ಇದು: "ನಮ್ಮ ಕೇಂದ್ರದಲ್ಲಿ 3ರಿಂದ 6 ವರ್ಷದ 38 ಮಕ್ಕಳ ಹೆಸರಿವೆ. ದಿನಾ ಬರುವವರು 14, ಹೆಚ್ಚೆಂದರೆ 16. ಸರ್ಕಾರಿ ಸಾಲಿಯಲ್ಲಿ ಎಲ್‌ಕೆಜಿ ಶುರುವಾದ ಮೇಲೆ ಕೆಲವರು ಅಲ್ಲಿಗೆ ಹೋದರು, ಹೆಸರು ಎರಡೂ ಕಡೆ ಉಳಿದಿದೆ. ತೆಗೆದರೆ ಕೇಂದ್ರ ಮುಚ್ಚುತ್ತಾರೆಂದು ಟೀಚರಿಗೆ ಅಂಜಿಕೆ. ಇಷ್ಟಾಗಿ, ನಡುವರ್ಷದಲ್ಲಿ ತಾಂಡಾದಿಂದ ಬಂದ ಮಗುವಿಗೆ ಸೀಟಿಲ್ಲ ಅಂದರು. ಸಮಿತಿಯವರು ನಾವೇನು ಮಾಡಬೇಕು?" ಪತ್ರದ ಜೊತೆ ಹೆಸರುಪಟ್ಟಿಯೂ ಇದೆ.

ಅಕ್ಕಾ ಅವರಿಗೆ ಶರಣು.

ಪಟ್ಟಿ ಕಳಿಸಿದ್ದು ಬಹಳ ಒಳ್ಳೆಯದಾಯಿತು. ಪ್ರತಿ ಹೆಸರಿನ ಮುಂದೆ ಮಗು ಈಗ ಎಲ್ಲಿದೆ ಎಂದು ನೀವೇ ಬರೆದಿದ್ದೀರಿ. ಅದನ್ನೇ ಕೂಡಿಸಿ ನೋಡಿದೆವು. ಎಲ್‌ಕೆಜಿಗೆ ಹೋದವರು 9. ಆರು ತುಂಬಿ ಒಂದನೇ ತರಗತಿ ಸೇರಿದವರು 5. ತಂದೆ ತಾಯಿಯ ಜೊತೆ ಪುಣೆಗೆ ಗುಳೆ ಹೋದವರು 4. ಕಾನ್ವೆಂಟಿನ ವ್ಯಾನ್ ಹತ್ತುವವರು 2. ಒಟ್ಟು 20. ಅಂದರೆ ಇವತ್ತು ನಿಮ್ಮ ಕೇಂದ್ರಕ್ಕೆ ನಿಜವಾಗಿ ಬರಬೇಕಾದ ಮಕ್ಕಳು 18. ಅವರಲ್ಲಿ 14 ಮಂದಿ ಬರುತ್ತಿದ್ದಾರೆ.

38ಕ್ಕೆ 14 ಎಂದರೆ ನೂರಕ್ಕೆ 37. 18ಕ್ಕೆ 14 ಎಂದರೆ ನೂರಕ್ಕೆ 78. ಅದೇ ಕೋಣೆ, ಅದೇ ಟೀಚರ್, ಅದೇ ಮಕ್ಕಳು. ಯಾವ ಹೆಸರುಗಳನ್ನು ಕೇಂದ್ರದ ರಕ್ಷಣೆಗೆಂದು ಇಟ್ಟುಕೊಂಡಿದ್ದಾರೋ ಅವೇ ಹೆಸರುಗಳು ಚೆನ್ನಾಗಿ ನಡೆಯುತ್ತಿರುವ ಕೇಂದ್ರವನ್ನು ಪಾಳು ಬಿದ್ದ ಕೇಂದ್ರದಂತೆ ತೋರಿಸುತ್ತಿವೆ. ನಮ್ಮ ಉತ್ತರದ ಮುಖ್ಯ ಮಾತು ಇದೇ. ಉಳಿದದ್ದೆಲ್ಲ ಇದನ್ನು ಸರಿಪಡಿಸುವ ಕೆಲಸ.

ಮೊದಲು ಊಟದ ಲೆಕ್ಕ, ಏಕೆಂದರೆ ತೊಂದರೆ ಹೊರಬೀಳುವುದು ಅಲ್ಲೇ. ಲೆಕ್ಕಕ್ಕೆಂದು ಮಗುವಿಗೆ ದಿನಕ್ಕೆ 50 ಗ್ರಾಂ ಧಾನ್ಯ ಎಂದು ಹಿಡಿಯಿರಿ. 38 ಹೆಸರಿಗೆ 1 ಕೆಜಿ 900 ಗ್ರಾಂ. ಪಾತ್ರೆಗೆ ಬೀಳುವುದು 14 ಮಕ್ಕಳದು, 700 ಗ್ರಾಂ. ದಿನಕ್ಕೆ 1 ಕೆಜಿ 200 ಗ್ರಾಂ, 25 ದಿನಕ್ಕೆ 30 ಕೆಜಿ ಅಂತರ. ದಾಸ್ತಾನು ರಿಜಿಸ್ಟರಿನಲ್ಲಿ ಅದು ಖರ್ಚಾಗಿದೆ ಎಂದಿರುತ್ತದೆ, ಚೀಲದಲ್ಲಿ ಹಾಗೇ ಇರುತ್ತದೆ. ಉಳಿದರೆ ನುಸಿ ಹಿಡಿಯುತ್ತದೆ, ತಪಾಸಣೆಗೆ ಬಂದವರು ತೂಗಿದರೆ ಟೀಚರ್ ಸಿಕ್ಕಿಬೀಳುತ್ತಾರೆ. ಬಾಗಿಲು ದಾಟಿ ಹೋದರಂತೂ ಅವರ ಮಾನವೇ ಹೋದಂತೆ. ಒಂದು ಕಾಳನ್ನೂ ಮನೆಗೆ ಒಯ್ಯದ ಹೆಣ್ಣುಮಗಳು ಬರೀ ಹೆಸರು ತೆಗೆಯಲು ಅಂಜಿದ್ದಕ್ಕೆ ಕಳ್ಳಿ ಅನ್ನಿಸಿಕೊಳ್ಳಬಾರದು.

ಇದರ ಎದುರು ತುದಿಯ ತೊಂದರೆಯೂ ಇದೆ. ಹಾಜರಿ ಕಡಿಮೆ ಎಂದು ಮೇಲಿನವರು ಬೇಡಿಕೆ ಪಟ್ಟಿ ಕತ್ತರಿಸಿದರೆ, ಕಾರಹುಣ್ಣಿಮೆಯ ಹೊತ್ತಿಗೆ ಗುಳೆಯಿಂದ ಮಕ್ಕಳು ಮರಳಿದಾಗ ಸಾಮಾನು ಸಾಲುವುದಿಲ್ಲ. ಆಗ ಕ್ಷೀರಭಾಗ್ಯದ ಹಾಲಿಗೆ ನೀರು ಹೆಚ್ಚಾಗುತ್ತದೆ. ಲೋಟದಲ್ಲಿ 150 ಮಿಲಿ ಇರುತ್ತದೆ, ಹಾಲಿನ ಪುಡಿ ಇರುವುದಿಲ್ಲ. ಆಹಾರ ಭದ್ರತಾ ಕಾಯ್ದೆ 2013ರ ಪ್ರಕಾರ ಆರು ತಿಂಗಳಿಂದ ಆರು ವರ್ಷದ ಪ್ರತಿ ಮಗುವಿಗೆ ದಿನಕ್ಕೆ ನಿಗದಿಯಾದಷ್ಟು ಕ್ಯಾಲರಿ, ಪ್ರೋಟೀನ್ ಕೊಡಬೇಕು. ತೀವ್ರ ಅಪೌಷ್ಟಿಕತೆ ಇರುವ ಮಗುವಿಗೆ ಅದಕ್ಕಿಂತ ಹೆಚ್ಚು. ಹಂಚಿ ತೆಳ್ಳಗೆ ಮಾಡಿದರೆ ಮೊದಲು ಸೋಲುವುದು ಈ ಎರಡನೆಯ ಮಗು.

ಈಗ ಎರಡೂ ಕಡೆ ಇರುವ 9 ಹೆಸರು. 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆದಾಗ ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿಗೆ ಹೋಗಿ ಧರಣಿ ಕೂತರು. ಮಕ್ಕಳು ಅತ್ತ ಹೋದರೆ ತಮ್ಮ ಗತಿಯೇನು ಎಂಬುದು ಅವರ ಪ್ರಶ್ನೆ, ನ್ಯಾಯವಾದ ಪ್ರಶ್ನೆ. ಆದರೆ ಹೆಸರು ಎರಡು ಕಡೆ ಇಡುವುದು ಅದಕ್ಕೆ ಉತ್ತರವಲ್ಲ. ಶಾಲೆಯ ಮಗು ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ನಲ್ಲಿ ದಾಖಲಾಗುತ್ತದೆ. ಪಿಎಂ ಪೋಷಣ್ ಯೋಜನೆಯ ಬಿಸಿಯೂಟಕ್ಕೆ ಒಂದನೇ ತರಗತಿಗಿಂತ ಹಿಂದಿನ ಮಕ್ಕಳನ್ನೂ 2021ರಿಂದ ಸೇರಿಸಲಾಗಿದೆ. ಅದೇ ಮಗು ಅಂಗನವಾಡಿಯ ಮೊಬೈಲ್ ಆ್ಯಪ್ ಪೋಷಣ್ ಟ್ರ್ಯಾಕರ್‌ನಲ್ಲೂ ಹಾಜರಿದ್ದರೆ ಒಂದೇ ಹೊಟ್ಟೆಗೆ ಎರಡು ಇಲಾಖೆಯ ಊಟ ಬರೆದಂತಾಯಿತು. ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟ ದಿನ ಇದು ಬಯಲಾಗುತ್ತದೆ. ಅದಕ್ಕೆ ಮೊದಲು ನೀವೇ ಇಟ್ಟು ನೋಡಿ.

ಹೆಸರು ತೆಗೆಯುವುದು ಎಂದರೆ ಮಗುವನ್ನು ಅಂಗನವಾಡಿಯಿಂದಲೇ ಅಳಿಸುವುದು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಅಂಗನವಾಡಿಯ ಹನ್ನೊಂದು ರಿಜಿಸ್ಟರುಗಳಲ್ಲಿ ಒಂದನೆಯದು ಕುಟುಂಬ ಸಮೀಕ್ಷೆ, ಮೂರನೆಯದು ಆಹಾರ ವಿತರಣೆ, ನಾಲ್ಕನೆಯದು ಶಾಲಾಪೂರ್ವ ಶಿಕ್ಷಣ. ಎಲ್‌ಕೆಜಿಗೆ ಹೋದ ಮಗುವಿನ ಹೆಸರು ಮೂರು ಮತ್ತು ನಾಲ್ಕರಿಂದ ಹೊರಬರಬೇಕು, ಒಂದರಲ್ಲಿ ಇರಲೇಬೇಕು. ಆ ಮಗುವಿಗೆ ಐದು ತುಂಬುವವರೆಗೆ ಆರು ತಿಂಗಳಿಗೊಮ್ಮೆ ವಿಟಮಿನ್ ಎ ಹನಿ ಬೀಳಬೇಕು, ಐದರಿಂದ ಆರರೊಳಗೆ ಡಿಪಿಟಿ ಎರಡನೇ ಬೂಸ್ಟರ್ ಆಗಬೇಕು. ಸಮೀಕ್ಷೆಯಿಂದಲೂ ಹೆಸರು ಅಳಿಸಿದರೆ ಶಾಲೆ ಅಂಗನವಾಡಿಯನ್ನು ನೆಚ್ಚಿ, ಅಂಗನವಾಡಿ ಶಾಲೆಯನ್ನು ನೆಚ್ಚಿ, ಸೂಜಿ ತಪ್ಪುತ್ತದೆ. ಕಾನ್ವೆಂಟಿನ ಇಬ್ಬರಿಗೂ ಇದೇ ಮಾತು.

ಕೆಲಸ ಮಾಡುವ ಕ್ರಮ ಹೀಗಿರಲಿ. ಒಂದು ಮಧ್ಯಾಹ್ನ ಟೀಚರ್, ಸಹಾಯಕಿ, ಆಶಾ ಕಾರ್ಯಕರ್ತೆ, ಎಲ್‌ಕೆಜಿಯ ಶಿಕ್ಷಕಿ ಮತ್ತು ಸಮಿತಿಯಿಂದ ನೀವು ಒಟ್ಟಿಗೆ ಕೂಡಿ. ಅಂಗನವಾಡಿಯ ನಾಲ್ಕನೇ ರಿಜಿಸ್ಟರ್ ಮತ್ತು ಶಾಲೆಯ ದಾಖಲಾತಿ ಪಟ್ಟಿ ಎದುರಿಗಿರಲಿ. ತಾಯಿಯ ಹೆಸರು ಮತ್ತು ಹುಟ್ಟಿದ ತಾರೀಖು ಎರಡನ್ನೂ ಹೊಂದಿಸಿ ನೋಡಿ, ಮಗುವಿನ ಹೆಸರೊಂದನ್ನೇ ನಂಬಬೇಡಿ. ಮನೆಯಲ್ಲಿ ಕರೆಯುವ ಹೆಸರು ಅಂಗನವಾಡಿಯಲ್ಲಿ, ಆಧಾರ್ ಹೆಸರು ಶಾಲೆಯಲ್ಲಿ ಇರುವುದು ನಮ್ಮ ಕಡೆ ಸಾಮಾನ್ಯ. ತೆಗೆಯುವ ಹೆಸರಿನ ಮೇಲೆ ಕೆಂಪು ಶಾಯಿಯಲ್ಲಿ ಒಂದೇ ಗೆರೆ, ಪಕ್ಕದಲ್ಲಿ ತಾರೀಖು, ಕಾರಣ, ಸಹಿ. ವೈಟ್ನರ್ ಹಚ್ಚಬೇಡಿ, ಹಾಳೆ ಹರಿದು ಹೊಸದು ಬರೆಯಬೇಡಿ. ಹಳೆಯ ತಪ್ಪು ಕಾಣುವಂತೆ ತಿದ್ದಿದರೆ ಅದು ತಿದ್ದುಪಡಿ, ಮುಚ್ಚಿದರೆ ಸುಳ್ಳು ದಾಖಲೆ. ಆ ದಿನವೇ ಸಮಿತಿಯ ನಡಾವಳಿ ಪುಸ್ತಕದಲ್ಲಿ ಠರಾವು ಬರೆದು, ಪ್ರತಿಯನ್ನು ವಲಯ ಮೇಲ್ವಿಚಾರಕಿಗೆ ಕೊಡಿ. ಟೀಚರ್ ಒಬ್ಬರೇ ತೆಗೆದರು ಎಂದಾಗಬಾರದು, ಸಮಿತಿ ತೆಗೆಸಿತು ಎಂದಾಗಬೇಕು. ಅವರ ಅಂಜಿಕೆಗೆ ನೀವು ಕೊಡಬಹುದಾದ ಆಸರೆ ಅದು.

ಗುಳೆ ಹೋದ ನಾಲ್ವರ ವಿಷಯ ಬೇರೆ. ಅವರನ್ನು ತೆಗೆಯಬೇಡಿ, ಟ್ರ್ಯಾಕರ್‌ನಲ್ಲಿ ವಲಸೆ ಎಂದು ಗುರುತಿಸಿ. ಪುಣೆಯಲ್ಲೂ ಅಂಗನವಾಡಿ ಇದೆ, ಅಲ್ಲಿಯೂ ಈ ಮಗುವಿಗೆ ಹಕ್ಕಿದೆ. ಇಲ್ಲಿ ಹಾಜರಿ ಹಾಕುತ್ತಾ ಹೋದರೆ ಅಲ್ಲಿಯ ಟೀಚರಿಗೆ ಅದೇ ಮಗುವನ್ನು ಸೇರಿಸಿಕೊಳ್ಳುವುದು ತೊಡಕಾಗುತ್ತದೆ. ಹೊರಡುವ ಮೊದಲು ತಾಯಿಯ ಕೈಗೆ ತಾಯಿ ಕಾರ್ಡು ಕೊಟ್ಟು, ಫೋನ್ ನಂಬರ್ ಬರೆದುಕೊಳ್ಳಿ. ಇಲ್ಲೊಂದು ಸಣ್ಣ ವಿಷಯ ದೊಡ್ಡ ತೊಂದರೆ ಕೊಡುತ್ತದೆ: ನೋಂದಣಿಗೆ ಕೊಟ್ಟ ನಂಬರ್ ಗಂಡನದಾಗಿದ್ದು, ಆತ ಪುಣೆಯಲ್ಲಿದ್ದರೆ ಒಟಿಪಿಯೂ ಪುಣೆಗೇ ಹೋಗುತ್ತದೆ. ಊರಲ್ಲಿ ಉಳಿಯುವವರ ನಂಬರೇ ಇರಲಿ. ಚೊಚ್ಚಲ ಬಾಣಂತನ ತವರಲ್ಲಿ ಆದ ಮಕ್ಕಳು ತವರಿನ ಕೇಂದ್ರದಲ್ಲೂ ಗಂಡನ ಊರಿನ ಕೇಂದ್ರದಲ್ಲೂ ಇರುತ್ತಾರೆ, ಅದನ್ನೂ ನೋಡಿ. ಮಗುವಿನ ಆಧಾರ್ ಇಲ್ಲವೆಂದು ಯಾರನ್ನೂ ಬಿಡುವಂತಿಲ್ಲ, ತಾಯಿಯ ಆಧಾರ್ ಸಾಕು.

ಇಂಥ ತಾಳೆ ವರ್ಷಕ್ಕೆ ಒಮ್ಮೆ ಮಾಡಿದರೆ ನಮ್ಮ ಭಾಗಕ್ಕೆ ಸಾಲದು. ಜೂನ್ ಮೊದಲ ವಾರ ಶಾಲಾ ದಾಖಲಾತಿಯಾದ ಮೇಲೆ ಒಂದು ಸಲ, ದೀಪಾವಳಿ ಮುಗಿದು ಕಬ್ಬು ಕಡಿಯುವವರು ಹೊರಟ ಮೇಲೆ ಒಂದು ಸಲ, ತೊಗರಿ ರಾಶಿಯಾಗಿ ಊರು ಖಾಲಿಯಾಗುವಾಗ ಇನ್ನೊಂದು ಸಲ.

ಆರು ತುಂಬಿದ ಐವರ ಹೆಸರು ಜೂನ್‌ನಲ್ಲೇ ಹೋಗಬೇಕಿತ್ತು. ಇನ್ನು ಮುಂದೆ ಇಲ್ಲಿ ಎಚ್ಚರ ಬೇಕು. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು 2025-26ಕ್ಕೆ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ನಿಯಮ ಬಿಗಿಯಾದ ವರ್ಷ, ಐದೂವರೆಯ ಮಕ್ಕಳು ಮತ್ತೊಂದು ವರ್ಷ ಅಂಗನವಾಡಿಯಲ್ಲೋ ಯುಕೆಜಿಯಲ್ಲೋ ಇರಬೇಕಾಗುತ್ತದೆ. ಹುಟ್ಟಿದ ತಾರೀಖಿನ ಪ್ರಕಾರ ಈಗಲೇ ಪಟ್ಟಿ ಮಾಡಿಟ್ಟರೆ ಸಾಮಾನಿನ ಬೇಡಿಕೆ ಸರಿಯಾಗಿ ಬರೆಯಬಹುದು.

ಕೇಂದ್ರ ಮುಚ್ಚುತ್ತಾರೆಯೇ? ಅಂಗನವಾಡಿಯನ್ನು ಮಂಜೂರು ಮಾಡುವುದು ಜನಸಂಖ್ಯೆಯ ಮೇಲೆ: 400ರಿಂದ 800 ಜನಕ್ಕೆ ಒಂದು, 150ರಿಂದ 400ಕ್ಕೆ ಮಿನಿ ಕೇಂದ್ರ. ಚಾಪೆಯ ಮೇಲೆ ಇಷ್ಟು ಮಕ್ಕಳು ಕೂತಿರಲೇಬೇಕು ಎಂಬುದು ಆ ಅಳತೆಯಲ್ಲಿಲ್ಲ. ಅಲ್ಲದೆ ಕೇಂದ್ರ ಬರೀ 3ರಿಂದ 6ರ ಮಕ್ಕಳದಲ್ಲ, ಗರ್ಭಿಣಿಯರು, ಬಾಣಂತಿಯರು, ಮೂರರೊಳಗಿನ ಕೂಸುಗಳು ಎಲ್ಲರದೂ. ಯಾರಾದರೂ ಹೆಸರು ಇಳಿದರೆ ಬಾಗಿಲು ಹಾಕಿಸುತ್ತೇವೆ ಎಂದರೆ ಆ ಆದೇಶವನ್ನು ಬರಹದಲ್ಲಿ ಕೇಳಿ.

ಸೀಟಿಲ್ಲ ಎಂಬ ಮಾತಿಗೆ ಅಂಗನವಾಡಿಯಲ್ಲಿ ಜಾಗವೇ ಇಲ್ಲ. ಖಾಸಗಿ ಶಾಲೆಯ ಆರ್‌ಟಿಇ ಸೀಟಿನಂತೆ ಇಲ್ಲಿ ಸಂಖ್ಯೆ ನಿಗದಿಯಿಲ್ಲ, ಆದಾಯ, ಜಾತಿ, ಬಿಪಿಎಲ್ ಕಾರ್ಡಿನ ಶರತ್ತಿಲ್ಲ, ಕೊನೆಯ ದಿನಾಂಕವಿಲ್ಲ. ಜನವರಿಯಲ್ಲಿ ಬಂದರೂ ಬಂದ ದಿನವೇ ಹೆಸರು ಬರೆದು ಊಟ ಕೊಡಬೇಕು. ನಿಮ್ಮೂರಲ್ಲಿ ಆದದ್ದೇನು ನೋಡಿ: ಇಲ್ಲದ 20 ಮಕ್ಕಳು ರಿಜಿಸ್ಟರಿನಲ್ಲಿ ಜಾಗ ಹಿಡಿದು, ಬಾಗಿಲಲ್ಲಿ ನಿಂತ ಮಗುವನ್ನು ವಾಪಸು ಕಳಿಸಿದರು. ಪತ್ರದಲ್ಲಿ ನಮಗೆ ಬಹಳ ನೋವು ಕೊಟ್ಟದ್ದು ಇದೇ ಸಾಲು. ಈ ವಾರವೇ ಆ ತಾಯಿಯ ಮನೆಗೆ ಹೋಗಿ ಮಗುವನ್ನು ಕರೆತನ್ನಿ.

ಹದಿನೆಂಟರಲ್ಲಿ ಬಾರದ ನಾಲ್ವರ ಕಡೆ ಈಗ ಗಮನ ಕೊಡಬಹುದು. ಕೂಲಿಯ ಟಂಟಂ ಎಂಟಕ್ಕೆ ಹೊರಡುತ್ತದೆ, ಕೇಂದ್ರ ತೆರೆಯುವುದು ಒಂಬತ್ತೂವರೆಗೆ. ಹತ್ತಿ ಬಿಡಿಸುವ ಕಾಲದಲ್ಲಿ ತಾಯಿ ಮಗುವನ್ನು ಹೊಲಕ್ಕೇ ಒಯ್ಯುತ್ತಾಳೆ, ಬೇರೆ ದಾರಿಯಿಲ್ಲ. ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದು ಸಹಾಯಕಿಯ ಕೆಲಸದಲ್ಲೇ ಸೇರಿದೆ. ಆ ಒಂದೂವರೆ ತಾಸು ಮಗುವನ್ನು ನೋಡಿಕೊಳ್ಳುವ ಅಜ್ಜಿಯನ್ನೋ ನೆರೆಮನೆಯವರನ್ನೋ ಸಮಿತಿಯವರು ಗೊತ್ತು ಮಾಡಿದರೆ ಇಬ್ಬರಾದರೂ ಬಂದಾರು. ಪಂಚಾಯಿತಿಯಲ್ಲಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆ ನಡೆಯುತ್ತಿದ್ದರೆ ಅಲ್ಲಿಯೂ ವಿಚಾರಿಸಿ.

ಎಲ್‌ಕೆಜಿಗೆ ಹೋದವರನ್ನು ಮರಳಿ ಎಳೆಯಲು ಹೋಗಬೇಡಿ, ತಂದೆ ತಾಯಿ ಒಂದನ್ನು ಆರಿಸಿಕೊಳ್ಳಲಿ. ಆದರೆ ಎಲ್‌ಕೆಜಿ ನಾಲ್ಕು ತುಂಬಿದವರಿಗೆ. ಮೂರು ವರ್ಷದ ಮಗುವಿಗೆ ಊರಲ್ಲಿ ಅಂಗನವಾಡಿ ಬಿಟ್ಟು ಬೇರೆ ಜಾಗವಿಲ್ಲ. ಆ ವಯಸ್ಸಿಗೆ ಬೇಕಾದ ಕಲಿಕೆ ಅಲ್ಲಿ ಗಟ್ಟಿಯಾಗಿ ನಡೆಯಬೇಕು. ಪೋಷಣ್ ಭಿ ಪಢಾಯಿ ಭಿ ಕಾರ್ಯಕ್ರಮ ಕೇಳುವುದು ದಿನಕ್ಕೆ ಕನಿಷ್ಠ ಎರಡು ತಾಸು. ಅಂಗನವಾಡಿ ಮಕ್ಕಳ ಚಿಲಿಪಿಲಿ ಚಟುವಟಿಕೆ ಪುಸ್ತಕ ಕಪಾಟಿನಿಂದ ಹೊರಬರಲಿ, ಹುಣಸೆಬೀಜ ಎಣಿಸಲಿ, ಜೋಳ, ತೊಗರಿ, ಕಡಲೆ ಕಲಸಿ ಬೇರೆ ಮಾಡಲಿ. ಲಂಬಾಣಿ ಮನೆಯ ಮಗುವಿಗೆ ಮೊದಲ ತಿಂಗಳು ಒಂದು ಹಾಡಾದರೂ ಲಂಬಾಣಿಯಲ್ಲಿ ಸಿಗಲಿ, ಇಲ್ಲವಾದರೆ ಅದು ಅಳುತ್ತದೆ, ಮೂರನೇ ದಿನ ಬರುವುದಿಲ್ಲ. ಮಕ್ಕಳು ಬಿಡಿಸಿದ್ದನ್ನು ತಾಯಂದಿರ ಸಭೆಯಲ್ಲಿ ಗೋಡೆಗೆ ಅಂಟಿಸಿ. ಅಂಗನವಾಡಿಯಲ್ಲಿ ಬರೀ ಊಟ ಎಂಬ ಮಾತು ಹುಟ್ಟಿರುವುದು, ಕಲಿಸಿದ್ದು ತಾಯಂದಿರ ಕಣ್ಣಿಗೆ ಬೀಳದಿರುವುದರಿಂದ.

ಕೊನೆಗೆ ತಾಂಡಾ. ಹಳ್ಳ ದಾಟಿ ಬರಬೇಕು, ಅಲ್ಲಿ ಆರರೊಳಗಿನ ಮಕ್ಕಳು ನಲವತ್ತಕ್ಕೂ ಹೆಚ್ಚಿದ್ದಾರೆ ಎಂದು ಬರೆದಿದ್ದೀರಿ. ಹಾಗಿದ್ದರೆ 2006ರ ಡಿಸೆಂಬರ್ 13ರ ಸುಪ್ರೀಂ ಕೋರ್ಟ್ ಆದೇಶ ನಿಮ್ಮ ಕಡೆಗಿದೆ: ಅಂಗನವಾಡಿ ಇಲ್ಲದ ಜನವಸತಿಯಲ್ಲಿ ಆರು ವರ್ಷದೊಳಗಿನ 40 ಮಕ್ಕಳಿದ್ದು ಜನ ಕೇಳಿದರೆ ಮೂರು ತಿಂಗಳೊಳಗೆ ಕೇಂದ್ರ ಕೊಡಬೇಕು. ಆಶಾ ಜೊತೆ ಮನೆಮನೆ ಸುತ್ತಿ ಮಗುವಿನ ಹೆಸರು, ಹುಟ್ಟಿದ ತಾರೀಖು, ತಾಯಿಯ ಹೆಸರು ಬರೆದ ಪಟ್ಟಿ ಮಾಡಿ. ನಿಮ್ಮ ಕೇಂದ್ರದ ಸಮೀಕ್ಷೆಯಲ್ಲಿ ಈಗಾಗಲೇ ಇರುವ ಮಕ್ಕಳನ್ನು ಬೇರೆ ಗುರುತು ಹಾಕಿ ತೋರಿಸಿ. ತಾಯಂದಿರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಗೆ ಅರ್ಜಿ ಕೊಡಿ, ಒಂದು ಪ್ರತಿ ಅದೇ ಇಲಾಖೆಯ ಜಿಲ್ಲಾ ಉಪನಿರ್ದೇಶಕರಿಗೆ ಹೋಗಲಿ. ನಿಮ್ಮ ಬಳಿ ಉಳಿಯುವ ಪ್ರತಿಯ ಮೇಲೆ ತಾರೀಖು ಸಮೇತ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಡಬೇಡಿ. ಮೂರು ತಿಂಗಳ ಎಣಿಕೆ ಶುರುವಾಗುವುದು ಆ ಮುದ್ರೆಯಿಂದ.

– ಸಂ.